ಲೋಡು, ಐಡಲ್ಲು ಮತ್ತು ಹೊಳಲ್ಕೆರೆಯ ಆಪಾ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಕೆಟ್ಟವರಲ್ಲ. ನಾನು ಹೀಗೆ ಶುರು ಮಾಡಿದಾಗಲೆಲ್ಲ ನನ್ನ ಗಂಡ ನಗುತ್ತಾನೆ. "ಕೆಟ್ಟೋರಲ್ಲ ಅಂದ್ಯಾ? ಮುಗೀತು, ಇವತ್ತು ಅವ್ರ ಜಾತಕ ಬಿಚ್ತೀಯ" ಎನ್ನುತ್ತಾನೆ. ಬಿಚ್ಚುತ್ತೇನೆ. ಒಂದು ದಸರಾ ಹೋಗಿ ಇನ್ನೊಂದು ದಸರಾ ಬರುತ್ತಿದೆ, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಚಿತ್ರದುರ್ಗದ ಒಂದು ಲಾರಿ ಬುಕಿಂಗ್ ಕಚೇರಿಯಲ್ಲಿ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಲ್ಲಿ ನಮ್ಮದು ಒಂದೊಂದು ಶಾಖೆ ಇದೆ. ಎಲ್ಲಿ ಯಾವ ಚೀಲ ಲಾರಿ ಏರಿದರೂ ಅದರ ಜೊತೆ ಹೋಗುವ ಬಿಲ್ಟಿ, ಅಂದರೆ ಸರಕಿನ ಚೀಟಿ, ನನ್ನ ಸರ್ವರ್‌ನಲ್ಲೇ ಹುಟ್ಟಬೇಕು. ಶಾಖೆಯ ಗುಮಾಸ್ತರು ಬೆಳಗ್ಗೆ ಬಂದು ತಮ್ಮ ಕಂಪ್ಯೂಟರಿನಿಂದ ಈ ಸರ್ವರ್‌ಗೆ ಲಾಗಿನ್ ಆಗುತ್ತಾರೆ, ಸಂಜೆ ಬಾಗಿಲು ಹಾಕುವಾಗ ಲಾಗೌಟ್ ಆಗುತ್ತಾರೆ. ಸರ್ವರ್ ಇರುವ ಕೋಣೆ ಹಿಂದೆ ಖಾಲಿ ಗೋಣಿಚೀಲ ಒಟ್ಟುತ್ತಿದ್ದ ಗೋದಾಮು. ಎಸಿ ಹಾಕಿಸಿದ್ದೇವೆ, ಬಣ್ಣ ಹೊಡೆಸಿದ್ದೇವೆ, ಆದರೂ ಗೋಣಿಯ ವಾಸನೆ ಹೋಗಿಲ್ಲ. ಗಾಳಿಯಂತ್ರಗಳ ಗುಡ್ಡದ ಕಡೆಯಿಂದ ಧೂಳು ಬರುತ್ತಲೇ ಇರುತ್ತದೆ, ನಾನು ಒರೆಸುತ್ತಲೇ ಇರುತ್ತೇನೆ.

ಬೆಳಗ್ಗೆ ಬಂದು ಚಪ್ಪಲಿ ಬಿಟ್ಟು ಕುಳಿತರೆ ನನ್ನ ಮುಂದೆ ಇರುವುದು ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಮುಟ್ಟುವ ಹಾಗಿಲ್ಲ. ಒಂದೊಂದೇ ಆಜ್ಞೆ ಟೈಪ್ ಮಾಡುತ್ತೇನೆ. ಯಂತ್ರ ಎಷ್ಟು ದಿನದಿಂದ ಎಚ್ಚರವಾಗಿದೆ, ಮೆಮೊರಿ ಎಷ್ಟು ಉಳಿದಿದೆ, ಡಿಸ್ಕ್ ತುಂಬುತ್ತಿದೆಯೇ, ಲೋಡ್ ಎಷ್ಟಿದೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಇದೂ ಒಂದು ಅಭ್ಯಾಸ. ಕೊನೆಗೆ ಯಾರ್ಯಾರು ಒಳಗೆ ಬಂದಿದ್ದಾರೆ ಎಂದು ನೋಡುತ್ತೇನೆ. ಅದಕ್ಕೆ 'ಹೂ' ಎಂದು ಒಂದು ಆಜ್ಞೆ ಇದೆ. ಇಂಗ್ಲಿಷಿನಲ್ಲಿ 'ಯಾರು' ಎಂದು ಅರ್ಥ.

ಹೊಳಲ್ಕೆರೆ ಶಾಖೆಯ ಆಪಾಗೆ ಇದನ್ನು ಮೊದಲ ಸಲ ಹೇಳಿದಾಗ ಫೋನಿನಲ್ಲೇ ನಕ್ಕಿದ್ದರು. "ಅಲ್ಲ ಕಣಮ್ಮ, ಬೆಳಗ್ಗೆ ಎದ್ದು ಹೂ ಅಂತೀಯ, ಹೂವು ಬರಲ್ಲ, ನಮ್ ಹೆಸ್ರು ಬರ್ತಾವೆ. ಅದಕ್ಕಿಂತ ಒಂದ್ ಮೊಳ ಮಲ್ಲಿಗೆ ತಗಂಡು ಮುಡ್ಕಾ." ಆಮೇಲೆ ದಿನಾ ಅದೇ ಮಾತು. ಲಾಗಿನ್ ಆದ ಕೂಡಲೇ ಫೋನು: "ಹೂ ನೋಡು, ನಾನ್ ಬಂದಿದೀನಾ?"

ಆಪಾ ಎಂದರೆ ಅಕ್ಕ. ಹೊಳಲ್ಕೆರೆಯ ಪೇಟೆಯಲ್ಲಿ ಹಮಾಲರಿಂದ ಹಿಡಿದು ಸಾಹುಕಾರರವರೆಗೆ ಎಲ್ಲರಿಗೂ ಅವರು ಆಪಾನೇ. ಐವತ್ತು ದಾಟಿದವರು. ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನದ ಮಗಳು. ನಮ್ಮ ಕಚೇರಿಗೆ ಕಂಪ್ಯೂಟರ್ ಬರುವ ಮೊದಲಿನಿಂದಲೂ ಆ ಶಾಖೆಯನ್ನು ನಡೆಸಿದವರು. ಸೌಮ್ಯ ಹೆಂಗಸು ಎಂದು ಯಾರೂ ಹೇಳಲಾರರು. ಬಾಯಿ ಜೋರು. ತೂಕದಲ್ಲಿ ಮೋಸ ಮಾಡಿದ ವ್ಯಾಪಾರಿಯನ್ನು ನಡುಬೀದಿಯಲ್ಲಿ ನಿಲ್ಲಿಸಿ ಅವನ ತಾತನ ಕಾಲದಿಂದ ಬೈದದ್ದನ್ನು ಊರೇ ಕೇಳಿದೆ.

ಕಥೆ ಶುರುವಾದದ್ದು ಒಂದು ಟಿವಿಯಿಂದ. ಯಜಮಾನರ ಷಡ್ಡಕರಿಗೆ ಐಮಂಗಲದ ಹತ್ತಿರ ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕ್ ಇದೆ. ಅಲ್ಲಿ ಅವರು ಕುಳಿತ ಕಡೆಯಿಂದಲೇ ಎಲ್ಲವೂ ಕಾಣುವ ಹಾಗೆ ದೊಡ್ಡ ಪರದೆ ಹಾಕಿಸಿದ್ದಾರಂತೆ. ಅದನ್ನು ನೋಡಿ ಬಂದ ನಮ್ಮವರಿಗೆ ನಿದ್ದೆ ಬರಲಿಲ್ಲ. "ನಮ್ ಸರ್ವರ್ ಒಳಗೆ ಏನ್ ನಡೀತೈತೆ ಅಂತ ನಂಗೂ ಒಂದ್ ಟಿವೀಲಿ ಕಾಣಂಗೆ ಮಾಡಮ್ಮ" ಎಂದರು. ನನಗೆ ಖುಷಿಯಾಯಿತು. ಡಿಸ್ಕ್ ತುಂಬುತ್ತಿದೆ ಎಂದು ನಾನು ಬಡಬಡಿಸುತ್ತಿದ್ದದ್ದು ಅವರ ಕಣ್ಣಿಗೇ ಬಿದ್ದರೆ ಹೊಸ ಡಿಸ್ಕ್ ಕೊಡಿಸಿಯಾರು ಎಂದುಕೊಂಡೆ. ನಾನು ಬೆಳಗ್ಗೆ ನೋಡುವುದನ್ನೆಲ್ಲ ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ಸೇರಿಸಿ, ತಾನಾಗಿಯೇ ಹೊಸದಾಗುತ್ತಿರುವ ಹಾಗೆ ಮಾಡಿ, ಅವರ ಕೋಣೆಯ ಗೋಡೆಗೆ ಏರಿಸಿದೆ. ಮೇಲೆ ಯಂತ್ರದ ಆರೋಗ್ಯ, ಕೆಳಗೆ ಒಳಗಿರುವವರ ಹೆಸರು, ಬಂದ ಹೊತ್ತು, ಐಡಲ್.

ಮರುದಿನವೇ ಕರೆ ಬಂತು. ಹೋದೆ. ಯಜಮಾನರು ಕುರ್ಚಿಯಲ್ಲಿ ಮುಂದೆ ಬಾಗಿ ಪರದೆಯನ್ನು ದಿಟ್ಟಿಸುತ್ತಿದ್ದರು.

"ಏನಮ್ಮ ಇದು, ಲೋಡ್ ಆವರೇಜು ಅಂತ ಬರ್ದು ಸೊನ್ನೆ ಪಾಯಿಂಟು ಸೊನ್ನೆ ಅಂತ ತೋರಿಸ್ತೈತೆ? ಇಷ್ಟು ದುಡ್ಡು ಸುರುದು ತಂದ ಮಿಷನ್ನು ಖಾಲಿ ಓಡ್ತಾ ಐತಲ್ಲ!"

"ಸರ್, ಇದ್ರಲ್ಲಿ ಲೋಡ್ ಕಡಿಮೆ ಇದ್ದಷ್ಟೂ ಒಳ್ಳೇದು."

"ಯಾವ ಊರಾಗಮ್ಮ ಲೋಡ್ ಕಡಿಮೆ ಇದ್ರೆ ಒಳ್ಳೇದು?"

ಅವರ ಪ್ರಶ್ನೆಯಲ್ಲಿ ನ್ಯಾಯವಿತ್ತು. ಅವರು ಕ್ಲೀನರ್ ಆಗಿ ಲಾರಿ ಹತ್ತಿ, ಡ್ರೈವರ್ ಆಗಿ, ಒಂದು ಲಾರಿ ಕೊಂಡು, ಹತ್ತು ಮಾಡಿದವರು. ಲೋಡು ಎಂದರೆ ಅವರಿಗೆ ಅನ್ನ. ಲೋಡು ಸಿಕ್ಕಿತೇ, ಲೋಡು ಬಂತೇ, ವಾಪಸು ಬರುವಾಗ ಲೋಡು ಇದೆಯೇ ಎಂಬುದೇ ಅವರ ಜೀವನದ ಪ್ರಶ್ನೆ. ನಾನು ತಾಳ್ಮೆಯಿಂದ ಹೇಳಿದೆ. ರೇಷನ್ ಅಂಗಡಿ ಮುಂದೆ ಜನ ಸಾಲು ನಿಲ್ಲುತ್ತಾರಲ್ಲ, ಈ ಲೋಡು ಅಂದರೆ ಆ ಸಾಲಿನ ಉದ್ದ, ಸಾಲು ಚಿಕ್ಕದಿದ್ದರೆ ಬಂದವರಿಗೆ ಬೇಗ ಕೆಲಸ ಆಗುತ್ತಿದೆ ಎಂದರ್ಥ, ಉದ್ದವಾದರೆ ಎಲ್ಲರೂ ಕಾಯುತ್ತಾ ನಿಂತಿದ್ದಾರೆ ಎಂದರ್ಥ, ಎಂದೆ. ಅವರು ಪೂರ್ತಿ ಕೇಳಿದರು.

"ಸಾಲು ಉದ್ದ ಇದ್ರೆ ತಾನೆ ಅಂಗಡೀಲಿ ಮಾಲ್ ಐತೆ ಅಂತ ಗೊತ್ತಾಗೋದು?" ಎಂದರು. ನನ್ನ ಉದಾಹರಣೆ ನನಗೇ ತಿರುಗಿಬಿತ್ತು.

ಆಮೇಲೆ ಅವರ ಬೆರಳು ಕೆಳಗಿನ ಸಾಲಿಗೆ ಹೋಯಿತು. ಹೊಳಲ್ಕೆರೆಯ ಮುಂದೆ ಐಡಲ್ ಎಂಬ ಕಡೆ ಅರ್ಧ ಗಂಟೆಗೂ ಮಿಕ್ಕಿ ತೋರಿಸುತ್ತಿತ್ತು. ಐಡಲ್ ಎಂದರೆ ಅಷ್ಟು ಹೊತ್ತು ಅಲ್ಲಿಂದ ಯಾರೂ ಕೀಲಿ ಒತ್ತಿಲ್ಲ, ಅಷ್ಟೇ. ಅದನ್ನು ಹೇಳಲು ಬಾಯಿ ತೆರೆದೆ.

"ಐಡಲ್ಲು ಅಂದ್ರೆ ಏನು ಅಂತ ನಂಗೆ ಹೇಳ್ಕೊಡ್ತೀಯೇನಮ್ಮ? ಇಂಜಿನ್ ಆನ್ ಇಟ್ಟು ಡ್ರೈವರ್ ಢಾಬಾದಾಗೆ ಚಾ ಕುಡೀತಾ ಕುಂತಿರ್ತಾನೆ. ಗಾಡಿ ಇದ್ದಲ್ಲೇ ಇರ್ತೈತೆ, ಡೀಸಲ್ ಸುಡ್ತಾ ಇರ್ತೈತೆ. ಅದು ಐಡಲ್ಲು. ಈ ಆಯಮ್ಮ ನನ್ ಡೀಸಲ್ ಸುಡ್ತಾ ಅವ್ಳೆ."

ನಾನು ಡಿಪ್ಲೊಮಾ ಓದಿದವಳು, ಹದಿನೈದು ವರ್ಷ ಈ ಕಪ್ಪು ಪರದೆಯ ಮುಂದೆ ಕುಳಿತವಳು. ಆದರೆ ಅವತ್ತು ಅದೆಲ್ಲ ಉಪಯೋಗಕ್ಕೆ ಬರಲಿಲ್ಲ. ತಿಳಿಯದವರಿಗೆ ತಿಳಿಸಬಹುದು. ಎರಡೂ ಪದ ನನಗೆ ನಿನಗಿಂತ ಮೊದಲೇ ಗೊತ್ತು ಎನ್ನುವವರಿಗೆ ಏನು ತಿಳಿಸುವುದು? ಸರ್ವರ್ ಮಾಡಿದ ಆ ದೂರದ ಜನ ಬೇರೆ ಎರಡು ಪದ ಹುಡುಕಿಕೊಳ್ಳಬಾರದಿತ್ತೇ ಎಂದು ಅವರ ಮೇಲೂ ಸಿಟ್ಟು ಬಂತು.

ಮುಂದೆ ಆದದ್ದು ನೋಡಿ. ಯಜಮಾನರಿಗೆ ಮಾಡಲು ಬೇರೆ ಕೆಲಸವೇ ಇಲ್ಲವೇನೋ ಎಂಬಂತೆ ಪರದೆ ನೋಡುವುದು, ಐಡಲ್ ಏರಿದವರಿಗೆ ಫೋನು ಮಾಡಿ ಗದರುವುದು, ಲೋಡು ಏರಿದಾಗ ಫೋನು ಮಾಡಿ ಶಭಾಷ್ ಎನ್ನುವುದು. ನಮ್ಮ ಜನ ದಡ್ಡರೇ? ವಾರ ಕಳೆಯುವುದರಲ್ಲಿ ರಂಗೋಲಿ ಕೆಳಗೆ ನುಸುಳಿದರು. ಹಿರಿಯೂರಿನ ಗುಮಾಸ್ತ ಗೋದಾಮಿನ ಹಿತ್ತಾಳೆ ಬೀಗವನ್ನು ತಂದು ಕೀಬೋರ್ಡಿನಲ್ಲಿ ಕೆಳಮುಖ ಬಾಣದ ಕೀಲಿಯ ಮೇಲೆ ಇಟ್ಟುಬಿಟ್ಟ. ಬೀಗದ ಭಾರಕ್ಕೆ ಕೀಲಿ ಒತ್ತಿಕೊಂಡೇ ಇರುತ್ತದೆ, ಅವನು ಹೋಟೆಲಿನಲ್ಲಿ ಕುಳಿತಿದ್ದರೂ ಐಡಲ್ ಸೊನ್ನೆ. ಯಜಮಾನರು ಎಲ್ಲರ ಮುಂದೆ ಅವನನ್ನು ಹೊಗಳಿದರು. "ಹಿರಿಯೂರಿನೋನ್ನ ನೋಡ್ರಲೇ, ಉಚ್ಚೆ ಹೊಯ್ಯಾಕೂ ಎದ್ದಿಲ್ಲ!"

ಹೊಸದುರ್ಗದವನು ಇನ್ನೂ ಚುರುಕು. ಇಡೀ ವರ್ಷದ ಬಿಲ್ಟಿಗಳ ವರದಿ ತೆಗೆಯಲು ಹೇಳಿದರೆ ಸರ್ವರ್‌ಗೆ ಉಸಿರು ಕಟ್ಟುತ್ತದೆ, ಲೋಡು ಏರುತ್ತದೆ ಎಂದು ಕಂಡುಕೊಂಡ. ಬೆಳಗ್ಗೆ ಅಗರಬತ್ತಿ ಹಚ್ಚಿ ಆ ವರದಿಗೆ ಆಜ್ಞೆ ಕೊಡುವುದು, ಅದು ಮುಗಿಯುವ ಮೊದಲೇ ಇನ್ನೊಂದು, ಅದರ ಹಿಂದೆ ಮತ್ತೊಂದು. ಆ ವರದಿಯನ್ನು ಯಾರೂ ಓದುತ್ತಿರಲಿಲ್ಲ. ಯಜಮಾನರಿಂದ ಅವನಿಗೂ ಶಭಾಷ್.

ಒಂದು ಮಧ್ಯಾಹ್ನ ಸರ್ವರ್ ಏದುಸಿರು ಬಿಡತೊಡಗಿತು. ನಾನು ಒಂದು ಅಕ್ಷರ ಟೈಪ್ ಮಾಡಿದರೆ ಅದು ಪರದೆಯ ಮೇಲೆ ಮೂಡುವ ಹೊತ್ತಿಗೆ ನೀರು ಕುಡಿದು ಬರಬಹುದಿತ್ತು. ಯಲ್ಲದಕೆರೆಯಿಂದ ತೆಂಗಿನಕಾಯಿ ತುಂಬಿಕೊಂಡು ಬಂದ ಲಾರಿ ಹಿರಿಯೂರಿನಲ್ಲಿ ಬಿಲ್ಟಿಗಾಗಿ ಕಾಯುತ್ತಾ ನಿಂತಿತ್ತು. ಬಿಲ್ಟಿ ಇಲ್ಲದೆ ಹೆದ್ದಾರಿಗೆ ಇಳಿದರೆ ದಾರಿಯಲ್ಲಿ ಹಿಡಿದು ನಿಲ್ಲಿಸುತ್ತಾರೆ. ಡ್ರೈವರ್ ನನಗೇ ಫೋನು ಮಾಡಿ, "ಏನಕ್ಕಾ, ಚೀಟಿ ಬರಾಕೆ ಇನ್ನೊಂದ್ ಸಲ ತೆಂಗಿನ ಗಿಡ ನೆಡ್ಬೇಕಾ?" ಎಂದ. ನಾನು ಹೊಸದುರ್ಗದ ವರದಿಗಳನ್ನು ಒಂದೊಂದಾಗಿ ಹುಡುಕಿ ನಿಲ್ಲಿಸಿದೆ. ನಿಲ್ಲಿಸುವ ಆಜ್ಞೆಗೆ 'ಕಿಲ್' ಎನ್ನುತ್ತಾರೆ. ಅವತ್ತು ಎಷ್ಟು ಕಿಲ್ ಮಾಡಿದೆನೋ ಲೆಕ್ಕವಿಲ್ಲ. ಬೆವರು ಒರೆಸಿಕೊಂಡು ಯಜಮಾನರ ಕೋಣೆಗೆ ಹೋದರೆ ಅವರು ಬೇಸರದ ಮುಖ ಮಾಡಿ ಕುಳಿತಿದ್ದರು.

"ಈಗ್ ತಾನೆ ಫುಲ್ ಲೋಡ್ ಇತ್ತಮ್ಮ. ಯಾಕೋ ಇಳೀತು."

ಅಷ್ಟೆಲ್ಲ ಗದ್ದಲದಲ್ಲಿ ಬದಲಾಗದೆ ಉಳಿದದ್ದು ಹೊಳಲ್ಕೆರೆ ಒಂದೇ. ಅಲ್ಲಿನ ಐಡಲ್ ದಿನಕ್ಕೆ ಹಲವು ಸಲ ಏರುತ್ತಿತ್ತು, ಇಳಿಯುತ್ತಿತ್ತು. ಏರಿದಾಗ ಯಜಮಾನರು ಫೋನು ಮಾಡುತ್ತಿದ್ದರು. ಆಪಾ ಎತ್ತುತ್ತಿರಲಿಲ್ಲ. ಸೊಕ್ಕು ಎಂದು ಯಜಮಾನರು ತೀರ್ಮಾನಿಸಿದರು. ನಾನು ಆಪಾಗೆ ಫೋನು ಮಾಡಿ, ಬೇರೆಯವರು ಮಾಡುತ್ತಿರುವುದನ್ನು ಹೇಳಿ, ಕೀಲಿಯ ಮೇಲೆ ಏನಾದರೂ ಇಡಿ ಎಂದೆ.

"ಏನಿಡ್ಲಿ, ನನ್ ತಲೇನಾ?" ಎಂದರು.

"ಆಪಾ, ಕೆಲ್ಸದ ಪ್ರಶ್ನೆ."

"ಕೆಲ್ಸದ್ದೇ ಕಣಮ್ಮ ನಂದೂ ಪ್ರಶ್ನೆ. ಬೀಗ ಇರೋದು ಬಾಗ್ಲಿಗೆ ಹಾಕಾಕೆ."

ದಸರಾ ಹತ್ತಿರ ಬರುತ್ತಿತ್ತು. ಯಜಮಾನರು ನನ್ನನ್ನು ಕರೆದು, ಹಬ್ಬ ಮುಗಿದ ಮೇಲೆ ಹೊಳಲ್ಕೆರೆಯ ಲಾಗಿನ್ ಲಾಕ್ ಮಾಡು, ಬೇರೆ ಯಾರನ್ನಾದರೂ ನೋಡೋಣ ಎಂದರು. ನಾನು ಆಗುವುದಿಲ್ಲ ಎಂದೆ. ಒಮ್ಮೆ ಹೋಗಿ ನೋಡಿಕೊಂಡು ಬರುತ್ತೇನೆ, ಆಮೇಲೆ ಮಾತಾಡೋಣ ಎಂದೆ. "ನೋಡಾಕೇನೈತೆ, ಗ್ವಾಡೆ ಮ್ಯಾಲೇ ಕಾಣ್ತೈತಲ್ಲ" ಎಂದರು. ಆದರೂ ಹೋದೆ.

ನಾನು ಬಸ್ಸಿಳಿದು ಶಾಖೆ ಮುಟ್ಟುವ ಹೊತ್ತಿಗೆ ಮೆಕ್ಕೆಜೋಳದ ಚೀಲಗಳು ಲಾರಿಗೆ ಏರುವುದರಲ್ಲಿದ್ದವು. ಆಪಾ ಕಚೇರಿಯ ಒಳಗಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಚೀಲಗಳ ರಾಶಿಯ ಪಕ್ಕ ನಿಂತಿದ್ದರು. ಒಂದೊಂದು ಚೀಲವೂ ಅವರ ಅಂಗೈ ಕೆಳಗಿನಿಂದಲೇ ಹೋಗಬೇಕು. ಮೊದಲ ಚೀಲಕ್ಕೆ 'ಲಾಭ' ಎಂದರು. ನಮ್ಮ ಕಡೆ ಕಾಳು ಅಳೆಯುವವರು ಯಾರೂ ಒಂದು ಎನ್ನುವುದಿಲ್ಲ. ಲಾಭ ಎಂದು ಶುರು ಮಾಡಿ ಆಮೇಲೆ ಎರಡು, ಮೂರು ಎನ್ನುತ್ತಾರೆ. ಲಾಭ ಎಂದ ಮೇಲೆ ಎಣಿಸುವವರನ್ನು ಮಾತಾಡಿಸಬಾರದು. ಮಾತಾಡಿಸಿದರೆ ಎಣಿಕೆ ಕೆಟ್ಟ ಹಾಗೆ, ಮತ್ತೆ ಲಾಭದಿಂದಲೇ ಶುರುವಾಗಬೇಕು. ಅದನ್ನು ನಾನು ನನ್ನ ಅಜ್ಜಿಯ ಕಣದಲ್ಲಿ ನೋಡಿದ್ದೆ, ಯಜಮಾನರೂ ಅವರ ಅಪ್ಪನ ಕಣದಲ್ಲಿ ನೋಡಿಯೇ ಇರುತ್ತಾರೆ.

ಆಪಾ ನನ್ನನ್ನು ನೋಡಿದರು. ಕಣ್ಣಲ್ಲೇ ಕುಂತ್ಕೋ ಎಂದರು. ಒಳಗೆ ಮೇಜಿನ ಮೇಲೆ ಅವರ ಫೋನು ಹೊಡೆದುಕೊಳ್ಳತೊಡಗಿತು. ನಿಂತಿತು, ಮತ್ತೆ ಹೊಡೆದುಕೊಂಡಿತು. ಯಾರದೆಂದು ನೋಡದೆಯೇ ನನಗೆ ಗೊತ್ತಾಯಿತು. ಅವರಿಗೂ ಗೊತ್ತಿತ್ತು. ಅಂಗೈ ಚೀಲದಿಂದ ಚೀಲಕ್ಕೆ ಹೋಗುತ್ತಲೇ ಇತ್ತು. ಒಂದು ಚೀಲದ ಮೇಲೆ ಕೈ ನಿಂತಿತು. ಬೆರಳಿನಿಂದ ಒತ್ತಿ ನೋಡಿ ಪಕ್ಕಕ್ಕೆ ಇಡಿಸಿದರು. ಒದ್ದೆಯಾಗಿತ್ತು. ಎಲ್ಲ ಮುಗಿದ ಮೇಲೆ ಒಳಗೆ ಬಂದು, ಕೈ ತೊಳೆದು, ಕುಳಿತು, ಕೀಲಿಗಳ ಮೇಲೆ ಬೆರಳಾಡಿಸಿದರು. ಬಿಲ್ಟಿ ಕ್ಷಣದಲ್ಲಿ ಹೊರಬಂತು. ಎಲ್ಲಿಯೂ ಅಳಿಸಿ ತಿದ್ದುವ ಪ್ರಮೇಯವೇ ಬರಲಿಲ್ಲ.

ಚಿತ್ರದುರ್ಗದ ಗೋಡೆಯ ಮೇಲೆ ಐಡಲ್ ಎಂದು ಕಾಣುತ್ತಿದ್ದ ಹೊತ್ತು ಇದೇ. ಅಲ್ಲಿ ಐಡಲ್ ಎಂದು ಅಕ್ಷರ ಮೂಡುವಾಗ ಇಲ್ಲಿ ಇವರು ಲಾಭ ಎನ್ನುತ್ತಿದ್ದರು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಯಜಮಾನರು ಲಾಗಿನ್ ಲಾಕ್ ಮಾಡಲು ಹೇಳಿದ್ದನ್ನು ಹೇಳಿಬಿಟ್ಟೆ. ಆಪಾ ಚಹಾ ತರಿಸಿದರು, ಬಸಿಗೆ ಸುರಿದು ಊದಿದರು.

"ಎದ್ರಿಗೆ ಹೇಳ್ಲಿ ಬಿಡು" ಎಂದರು.

ನಾನು ವಾಪಸು ಬಂದು ಕಂಡದ್ದನ್ನೆಲ್ಲ ಯಜಮಾನರಿಗೆ ಹೇಳಿದೆ. ಅವರು ಹೂಂಗುಟ್ಟಿದರು. "ಎಣಿಸಾಕೆ ಹಮಾಲ್ರು ಇದಾರಲ್ಲಮ್ಮ" ಎಂದರು. ಹಮಾಲರು ವ್ಯಾಪಾರಿಯ ಕಡೆಯವರು, ನಮ್ಮ ಕಡೆಯಿಂದ ಎಣಿಸುವವರು ಬೇಡವೇ ಎಂದೆ. ಅವರ ಕಣ್ಣು ಮತ್ತೆ ಗೋಡೆಗೆ ಹೋಗಿತ್ತು. ನಾನು ಮಾತಾಡುತ್ತಿರುವುದನ್ನು ಬಿಟ್ಟು, ನಾನೇ ಹಾಕಿಕೊಟ್ಟ ಪರದೆಯನ್ನು ನೋಡುತ್ತಿದ್ದರು. ಕಣ್ಣಾರೆ ಕಂಡವಳು ಎದುರಿಗೆ ನಿಂತು ಹೇಳಿದರೂ ನಂಬಿಕೆ ಮಾತ್ರ ಗೋಡೆಯ ಮೇಲೆ!

ಆಯುಧಪೂಜೆ ನಮ್ಮ ಕಚೇರಿಯಲ್ಲಿ ದೊಡ್ಡ ಹಬ್ಬ. ಹಿಂದಿನ ಸಂಜೆಯೇ ಶಾಖೆಗಳಲ್ಲಿ ತಕ್ಕಡಿ, ಪ್ರಿಂಟರ್, ಕಂಪ್ಯೂಟರ್ ಎಲ್ಲ ಒರೆಸಿ ಹೂವು ಹಾಕುತ್ತಾರೆ. ಸತ್ತ ಯಂತ್ರಕ್ಕೆ ಪೂಜೆ ಮಾಡಬಾರದು ಎಂದು ಯಜಮಾನರ ಕಟ್ಟಳೆ. ಹಾಗಾಗಿ ಕಂಪ್ಯೂಟರ್ ಚಾಲೂ ಇರಬೇಕು, ಬುಕಿಂಗ್ ಪರದೆ ತೆರೆದಿರಬೇಕು, ಅದರ ಮೇಲೆ ಹಾರ ಬೀಳಬೇಕು. ಹಾರ ಬಿದ್ದ ಮೇಲೆ ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಹೊಳಲ್ಕೆರೆಯಲ್ಲಿ ಆ ಹಾರ ಹಾಕುವವರು ಆಪಾನೇ. ಪ್ರತಿ ವರ್ಷವೂ ಚೆಂಡುಹೂವನ್ನು ತಾವೇ ಕಟ್ಟುತ್ತಿದ್ದರು.

ಹಬ್ಬದ ಬೆಳಗ್ಗೆ ಎಲ್ಲ ಶಾಖೆಯವರೂ ಚಿತ್ರದುರ್ಗಕ್ಕೆ ಬಂದರು. ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು, ಬಾಳೆಕಂದು, ಬೂದುಗುಂಬಳ, ಕುಂಕುಮ. ಮಂಗಳಾರತಿ ಆಯಿತು. ಮಂಡಕ್ಕಿ, ಸಿಹಿ ಹಂಚಿದರು. ಯಜಮಾನರು ಹಿರಿಯೂರಿನವನಿಗೆ ಶಾಲು ಹೊದಿಸಿದರು. ಅವನು ನನ್ನ ಕಡೆ ನೋಡಿ ತಲೆ ತಗ್ಗಿಸಿದ. ಅಷ್ಟಾದರೂ ನಾಚಿಕೆ ಇತ್ತಲ್ಲ! ಆಮೇಲೆ ಅವರು ಆಪಾ ಕಡೆ ತಿರುಗಿದರು. ಹಬ್ಬದ ದಿನ ಮನಸ್ಸು ಮೆತ್ತಗಾಗಿತ್ತೆಂದು ಕಾಣುತ್ತದೆ.

"ನೋಡಮ್ಮ, ತೆಗೀಬೇಕು ಅಂತಾನೇ ಇದ್ದೆ. ಹಳಬಳು ನೀನು. ಐಡಲ್ ಕುಂತಿದ್ದನ್ನೆಲ್ಲ ಕ್ಷಮಿಸಿದೀನಿ. ಇನ್ಮುಂದೆ ನೆಟ್ಟಗೆ ಕೆಲ್ಸ ಮಾಡು."

ನನಗೆ ಹೋದ ಜೀವ ಬಂದಂತಾಯಿತು. ಕೆಲಸ ಉಳಿಯಿತು ಎಂದುಕೊಂಡೆ. ಆದರೆ ಆಪಾ ಕೈಯಲ್ಲಿದ್ದ ಮಂಡಕ್ಕಿಯ ಪೊಟ್ಟಣವನ್ನು ಪಕ್ಕದ ಲಾರಿಯ ಬಂಪರಿನ ಮೇಲೆ ಇಟ್ಟರು.

"ಏನ್ ತಪ್ಪು ಮಾಡಿದೀನಿ ಅಂತ ಕ್ಷಮಿಸಿದ್ರಿ?"

"ಗಲಾಟೆ ಬ್ಯಾಡ. ಕ್ಷಮಿಸಿದೀನಿ ಅಂದ್ನಲ್ಲ."

"ಅದಕ್ಕೇ ಕೇಳ್ತಿರೋದು. ತೆಗ್ದಿದ್ರೆ ಸುಮ್ನೆ ಹೋಗ್ತಿದ್ದೆ. ಕ್ಷಮಿಸಿದೀನಿ ಅಂತೀರಿ. ನನ್ ಎಣಿಕೆ ಯಾವತ್ತು ತಪ್ಪೈತೆ? ಒಂದ್ ದಿನ ಹೇಳ್ರಿ. ಒಂದೇ ಒಂದ್ ಚೀಲ ಹೇಳ್ರಿ."

ಆಪಾ ಲಾರಿಗಳ ಸಾಲಿನ ಕಡೆ ಕೈ ತೋರಿಸಿದರು.

"ಇವತ್ತು ಇಷ್ಟೂ ಗಾಡಿ ಐಡಲ್ ನಿಂತವೆ. ಹೂವ ಹಾಕಿದೀರಿ, ಕೈ ಮುಗ್ದಿದೀರಿ. ನಾನು ಚೀಲ ಮುಟ್ಟಿ ಎಣಿಸಾಕೆ ಎದ್ದು ಹೋದ್ರೆ ಡೀಸಲ್ ಸುಟ್ಟಂಗಾತು ಅಲ್ವೇನ್ರಿ?"

ಯಜಮಾನರ ಮುಖ ಕೆಂಪಾಯಿತು. ಹೆಂಗಸೊಬ್ಬಳು ಎಲ್ಲರ ಮುಂದೆ ಕೇಳಿಬಿಟ್ಟಳು ಎಂಬುದಷ್ಟೇ ಅವರಿಗೆ ಕೇಳಿಸಿತು, ಕೇಳಿದ್ದು ಏನೆಂದು ಕೇಳಿಸಲಿಲ್ಲ. ಆಪಾ ತಮ್ಮ ಕೈಚೀಲದಿಂದ ಶಾಖೆಯ ಬೀಗದಕೈ ತೆಗೆದು ನನ್ನ ಅಂಗೈಯಲ್ಲಿಟ್ಟು ಗೇಟಿನ ಕಡೆ ನಡೆದರು. ಹಿಂದೆಯೇ ಓಡಿದೆ. "ಬರ್ರಿ ಆಪಾ, ಒಳಗೆ ಹೋಗಾಣ, ಕುಂತು ಮಾತಾಡಾಣ" ಎಂದೆ. ಅವರು ನನ್ನ ಕೆನ್ನೆ ತಟ್ಟಿ ಆಟೋ ಹತ್ತಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಷ್ಟು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು.

ವಿಜಯದಶಮಿಯ ದಿನ ಕಚೇರಿಗೆ ಹೋಗಿ ನಾನು 'ಹೂ' ಎಂದು ಟೈಪ್ ಮಾಡಿದೆ. ಹೊಳಲ್ಕೆರೆಯ ಸಾಲು ಅಲ್ಲೇ ಇತ್ತು. ಪೂಜೆಯ ಹಿಂದಿನ ಸಂಜೆ ಪರದೆ ತೆರೆದಿಟ್ಟು ಹಾರ ಹಾಕಿ ಬಂದವರು ಲಾಗೌಟ್ ಆಗಿರಲಿಲ್ಲ. ಆಗಬಾರದು ಎಂಬುದೇ ಕಟ್ಟಳೆಯಲ್ಲವೇ! ಬಾಗಿಲು ಹಾಕಿದ ಶಾಖೆಯೊಳಗೆ ಹೂವಿನ ಕೆಳಗೆ ಆ ಕಂಪ್ಯೂಟರಿನ ಪರದೆ ಉರಿಯುತ್ತಲೇ ಇತ್ತು. ಐಡಲ್ ಈಗ ಗಂಟೆ ದಾಟಿ ದಿನದ ಲೆಕ್ಕಕ್ಕೆ ಬಂದಿತ್ತು.

ಯಜಮಾನರು ಅವರ ಗೋಡೆಯ ಮೇಲೆ ಅದನ್ನು ಕಂಡು ನನ್ನ ಕೋಣೆಗೇ ಬಂದರು. ಆ ಕೋಣೆಗೆ ಅವರು ಬರುವುದೇ ಅಪರೂಪ.

"ಕೆಲ್ಸ ಬಿಟ್ಟು ಹೋದ್ಮೇಲೂ ಐಡಲ್ ಕುಂತವ್ಳಲ್ಲಮ್ಮ! ತೆಗಿ ಅದನ್ನ."

"ನಾನು ತೆಗೆಯಲ್ಲ ಸರ್."

"ಯಾಕೆ?"

"ನನ್ನ ಕೈಲಿ ಆಗಲ್ಲ. ಆಜ್ಞೆ ಬರೆದು ಕೊಡ್ತೀನಿ. ಇಲ್ಲಿ ಎಂಟರ್ ಕೀಲಿ ಐತೆ. ನೀವೇ ಒತ್ತಿ."

ಬರೆದೆ. ಕಪ್ಪು ಪರದೆಯ ಮೇಲೆ ಒಂದು ಪುಟ್ಟ ಪದ, ಅದರ ಮುಂದೆ ಒಂದು ಸಂಖ್ಯೆ. ಎದ್ದು ಜಾಗ ಬಿಟ್ಟೆ. ಅವರು ಬೆರಳು ಮುಂದೆ ಚಾಚಿ ನಿಂತರು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರು.

"ಏನಮ್ಮ ಇದು, ಕಿಲ್ಲು?"

"ಕೊಲ್ಲು ಅಂತ."

ಬೆರಳು ಹಿಂದಕ್ಕೆ ಬಂತು. "ಥೂ ಥೂ, ಬಿಡ್ತು ಅನ್ನು. ವಿಜಯದಶಮಿ ದಿನ, ಪೂಜೆ ಆದ ಮಿಷನ್ನು. ಕೊಲ್ಲೋ ಮಾತು ಬ್ಯಾಡ. ಇರ್ಲಿ ಬಿಡು ಅದರ ಪಾಡಿಗೆ ಅದು" ಎಂದರು. ಹೋಗುವಾಗ ಸರ್ವರ್ ಮುಟ್ಟಿ ಕಣ್ಣಿಗೊತ್ತಿಕೊಂಡರು.

ನಾನು ಅಲ್ಲಿಯೇ ನಿಂತಿದ್ದೆ. ಬರೆದಿಟ್ಟ ಆಜ್ಞೆಯನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ. ಪರದೆಯ ಮೇಲಿನ ಒಂದು ಪದಕ್ಕೆ ಅಳುಕಿದ ಇದೇ ಯಜಮಾನರು, ತಮ್ಮ ಶಾಖೆಗಾಗಿ ಜೀವ ತೇದ ಹೆಂಗಸು ಹಿಂದಿನ ದಿನ ಗೇಟು ದಾಟಿ ಹೋಗುವಾಗ ಬಂಪರಿನ ಮೇಲಿನ ಮಂಡಕ್ಕಿ ಪೊಟ್ಟಣ ಎತ್ತಿಕೊಂಡು ತಿನ್ನುತ್ತಾ ನಿಂತಿದ್ದರು. ನಾನೇ ನೋಡಿದ್ದೇನೆ.

ಆ ಸಾಲನ್ನು ನಾನು ತೆಗೆಯಲಿಲ್ಲ. ಆಪಾ ಚಿಕ್ಕಜಾಜೂರಿನ ಒಬ್ಬ ಕಾಳಿನ ವ್ಯಾಪಾರಿಯ ಹತ್ತಿರ ಚೀಲ ಎಣಿಸುವ ಕೆಲಸಕ್ಕೆ ಸೇರಿದರು ಎಂದು ತಿಳಿಯಿತು. ಹೊಳಲ್ಕೆರೆಗೆ ಹೊಸಬರು ಸಿಗುವವರೆಗೆ ಶಾಖೆ ಮುಚ್ಚಿಯೇ ಇತ್ತು, ಬೀಗದಕೈ ನನ್ನ ಮೇಜಿನ ಖಾನೆಯಲ್ಲೇ ಇತ್ತು. ನಾನು ಯಜಮಾನರ ಗೋಡೆಯ ಸ್ಕ್ರಿಪ್ಟಿನಿಂದ ಐಡಲ್ ತೋರಿಸುವ ಭಾಗವನ್ನೇ ಕಿತ್ತುಹಾಕಿದೆ. ಕೇಳಿದರು. "ಕೆಟ್ಟೈತೆ ಸರ್, ಸ್ಪೇರ್ ಸಿಗ್ತಾ ಇಲ್ಲ" ಎಂದೆ. ಎಷ್ಟು ದಿನ ವಿವರಿಸಿದರೂ ತಲೆಗೆ ಹೋಗದವರಿಗೆ ಈ ಮಾತು ಅರೆಕ್ಷಣದಲ್ಲಿ ಅರ್ಥವಾಯಿತು. "ಹೌದಮ್ಮ, ಈಗ ಸ್ಪೇರ್ ಸಿಗೋದು ಕಷ್ಟ ಐತೆ" ಎಂದು ತಲೆಯಾಡಿಸಿದರು. ಇವತ್ತಿನವರೆಗೂ ಮತ್ತೆ ಕೇಳಿಲ್ಲ.

ಒಂದು ಬೆಳಗ್ಗೆ ಹೊಳಲ್ಕೆರೆಯಲ್ಲಿ ಬಹಳ ಹೊತ್ತು ಕರೆಂಟ್ ಹೋಯಿತೆಂದು ಕಾಣುತ್ತದೆ. 'ಹೂ' ಎಂದು ಟೈಪ್ ಮಾಡಿದರೆ ಆ ಸಾಲು ಇರಲಿಲ್ಲ. ಎರಡು ಸಲ ಟೈಪ್ ಮಾಡಿ ನೋಡಿದೆ. ಆಮೇಲೆ ಆಪಾಗೆ ಫೋನು ಮಾಡಿದೆ. ಸ್ಪೇರಿನ ಕಥೆ ಹೇಳಿದರೆ ನಗುತ್ತಾರೆ ಎಂದುಕೊಂಡಿದ್ದೆ. ಪೂರ್ತಿ ಕೇಳಿದರು, ನಗಲಿಲ್ಲ.

"ಆ ಕಂಪ್ಯೂಟ್ರ್ ಮೇಲೆ ಹಾಕಿದ್ನಲ್ಲ, ಆ ಹೂವ ಯಾರಾದ್ರೂ ತೆಗುದ್ರೇನಮ್ಮ?" ಎಂದು ಕೇಳಿದರು. "ಒಣಗಿರ್ತಾವೆ."

"ಇಲ್ಲ ಆಪಾ" ಎಂದೆ. "ಇನ್ನೂ ಯಾರೂ ತೆಗೆದಿಲ್ಲ."